ಒಂದು ಬಡಿತ ಅಂದರೆ

ಅರ್ಜಿಯಲ್ಲಿ ಎರಡೇ ಮನೆ.
ಮೊದಲ ಆಯ್ಕೆ. ಎರಡನೇ ಆಯ್ಕೆ.
ರಾತ್ರಿ ಹತ್ತಕ್ಕೆ ಗಡುವು, ಈಗ ಎಂಟೂ ಕಾಲು.
ಬಾಂಡುಂಗಿನ ಈ ಗಲ್ಲಿಯಲ್ಲಿ ಗೋಡೆಯೆಂದರೆ ಪ್ಲೈವುಡ್ಡು.
ಆಚೆ ಅಪ್ಪ, ಯಾರದೋ ಬಾಣಲೆಗೆ
ಹೊಸ ಹಿಡಿ ಕೂರಿಸುತ್ತಿದ್ದಾನೆ.
ಈಚೆ ನಾನು, ಬಾಡಿಗೆಗೆ ತಂದ ಲ್ಯಾಪ್‌ಟಾಪು.

ತೇತಿ ಮೇಡಂ ಹೇಳಿದ್ದರಲ್ಲಿ ತಪ್ಪೇನಿಲ್ಲ:
"ನೋಡು ರೆಂಗಾನಿಸ್, ಮೆಕ್ಯಾನಿಕಲ್ ಅನ್ನೋದು ದೊಡ್ಡ ಬಾಗಿಲು.
ಅಲ್ಲಿಂದ ವಿಮಾನಕ್ಕೂ ಹೋಗಬಹುದು,
ಪಂಪಿಗೂ, ಕಾರಿಗೂ, ಸಿಮೆಂಟಿಗೂ.
ಏರೋನಾಟಿಕಲ್ ಬರೀ ಕಿಟಕಿ.
ನೋಟ ಚೆನ್ನಾಗಿರುತ್ತೆ,
ಹೊರಗೆ ಬರಬೇಕಾದರೆ ಬಗ್ಗಬೇಕು."

ಇಮಾಸ್ ಚಿಕ್ಕಮ್ಮನದು ಇನ್ನೂ ಚಿಕ್ಕ ಲೆಕ್ಕ:
"ಫಾರ್ಮಸಿ ಓದು. ಜನ ಹಾರೋದು ಬಿಟ್ಟಾರು,
ಕೆಮ್ಮೋದು ಬಿಡಲ್ಲ."
ಅಮ್ಮ ಏನೂ ಅನ್ನಲಿಲ್ಲ.
ನಾನು ಹುಟ್ಟುವ ಮೊದಲು
ಕಾರ್ಖಾನೆ ಅಪ್ಪನ ಸಾಲನ್ನು ಇಡಿಯಾಗಿ ಮನೆಗೆ ಕಳಿಸಿದ ವಾರ
ಮಾರಿದ ಬಳೆಯ ಜಾಗವನ್ನು
ಈಗಲೂ ತಿರುಗಿಸುತ್ತಾಳೆ, ಬಳೆ ಇದ್ದ ಹಾಗೆಯೇ.

ಕಾಲೇಜು ತೋರಿಸುವ ದಿನ ಹೋಗಿದ್ದೆ.
ಗಾಜಿನ ಪೆಟ್ಟಿಗೆಯಲ್ಲಿ ಗಾಳಿ, ಗಾಳಿಯಲ್ಲಿ ಹೊಗೆಯ ಎಳೆ,
ಗೇಣುದ್ದದ ರೆಕ್ಕೆಯ ಬೆನ್ನ ಮೇಲೆ
ಎಣ್ಣೆ ಹಚ್ಚಿ ಬಾಚಿದ ಕೂದಲಂತೆ ಒರಗಿ ಹೋಗುತ್ತಿತ್ತು.
ಮೂತಿ ಇನ್ನೆರಡು ಡಿಗ್ರಿ ಎತ್ತಿದರು.
ಕೆದರಿತು.
"ಬೀಳೋದು ಹೀಗೆ," ಅಂದ ಗಿಲಾಂಗ್, ಕೊನೆಯ ವರ್ಷದವನು.
ನನಗೆ ಬಾಯಿ ಒಣಗಿತ್ತು.
"ನೀವು ಮುಂದೆ ಯಾವ ವಿಮಾನ ಕಟ್ಟುತ್ತೀರಿ?"
"ಮುಂದಿನ ತಿಂಗಳು ಬ್ಯಾಂಕಿಗೆ ಸೇರುತ್ತೇನೆ.
ಗಣಿತ ಬರುತ್ತಲ್ಲ, ಅವರಿಗೆ ಅಷ್ಟು ಸಾಕು."
ನಗುತ್ತಲೇ ಹೇಳಿದ. ಸ್ವಿಚ್ಚು ಆರಿಸಿದ ಮೇಲೂ
ಕೈ ಗಾಜಿನ ಮೇಲೆಯೇ ಇತ್ತು.

ಪಠ್ಯದ ಪಟ್ಟಿಯನ್ನು ಮೂರು ಸಲ ಓದಿದೆ.
ರಿವೆಟ್ ಅನ್ನುವ ಮಾತು ಮೂರನೇ ವರ್ಷ ಒಮ್ಮೆ ಬರುತ್ತದೆ,
ಎರಡು ಗಂಟೆಯ ಪಾಠ.

ಅಪ್ಪ ಕುಳ್ಳ. ಅದಕ್ಕೇ ಅವನನ್ನು ರೆಕ್ಕೆಯೊಳಗೆ ಇಳಿಸುತ್ತಿದ್ದರು.
ಹೊರಗೆ ಸರ್ವಾ ಮಾಮ, ಕೈಯಲ್ಲಿ ಗನ್ನು.
ಒಳಗೆ ಅಪ್ಪ, ಮೊಳೆಯ ಬಾಲಕ್ಕೆ ಕಬ್ಬಿಣದ ತುಂಡು ಒತ್ತಿ ಹಿಡಿದು.
ಹೊಡೆಯುವವನಿಗೆ ತಲೆ ಕಾಣುತ್ತದೆ.
ಬಾಲ ಸರಿಯಾಗಿ ಅರಳಿತೋ ಇಲ್ಲವೋ
ಕತ್ತಲಲ್ಲಿ ಮಲಗಿದವನಿಗೇ ಗೊತ್ತು.
ಕೂಗಿದರೆ ಕೇಳದು. ಅದಕ್ಕೆ ತಗಡಿನ ಮೇಲೆ ಬಡಿತ:
ಒಂದು ಅಂದರೆ, ಇನ್ನೊಮ್ಮೆ ಹೊಡಿ.
ಎರಡು, ಸಾಕು.
ಮೂರು, ಕೆಟ್ಟಿತು, ಕಿತ್ತು ಹಾಕು.
ಎಡಗಿವಿ ಅಲ್ಲೇ ಉಳಿಯಿತು, ಭಾಷೆ ಮನೆಗೆ ಬಂತು.
ಊಟಕ್ಕೆ ಕೂತರೆ ತಟ್ಟೆಗೆ ಒಂದು ಬಡಿತ: ಅನ್ನ.
ಎರಡು: ಸಾಕು.
ಮೂರು ಬಡಿದದ್ದು ಒಂದೇ ಸಲ, ಇಮಾಸ್ ಚಿಕ್ಕಮ್ಮನ ಸಾರಿಗೆ.

ಚಿಕ್ಕವಳಿದ್ದಾಗ ಕೇಳಿದ್ದೆ,
ಅಪ್ಪಾ, ವಿಮಾನ ಹತ್ತಿದ್ದೀಯಾ?
"ಹತ್ತೋದೇನು, ಒಳಗೇ ಇದ್ದೆ ಹನ್ನೊಂದು ವರ್ಷ.
ಹಾರಿಲ್ಲ, ಅಷ್ಟೇ."

ಅವನಿಗಾಗಿ ಅಲ್ಲ ಇದು. ಹಾಗಂದುಕೊಂಡರೆ
ಅವನಿಗೇ ಸಿಟ್ಟು ಬರುತ್ತದೆ.
ಆ ಹೊಗೆ ಯಾಕೆ ಅಂಟಿಕೊಂಡಿತ್ತು, ಯಾಕೆ ಬಿಟ್ಟಿತು,
ಅದೊಂದು ನನಗೆ ಗೊತ್ತಾಗಬೇಕು.
ಆಮೇಲೆ ಬ್ಯಾಂಕಾದರೆ ಬ್ಯಾಂಕು.

ಮೊದಲ ಮನೆ ತುಂಬಿದೆ.
ಬಲಗಿವಿಗೆ ಕೇಳುವಷ್ಟು ಕೂಗಿದೆ: "ಬರೆದೆ, ಅಪ್ಪಾ."
ಸುತ್ತಿಗೆ ನಿಂತಿತು.
ಯಾವುದು ಅಂತ ಕೇಳಲಿಲ್ಲ.
ಪ್ಲೈವುಡ್ಡಿನ ಮೇಲೆ ಬೆರಳಗಂಟು:
ಒಂದು.

ಕಾದೆ. ಎರಡನೆಯದು ಬರಲಿಲ್ಲ.

ಸರಿ, ಎರಡನೇ ಮನೆಯಲ್ಲೂ ಅದನ್ನೇ ಬರೆದೆ.
ಕೆಂಪು ಅಕ್ಷರ ಮೂಡಿತು:
ಒಂದೇ ವಿಷಯವನ್ನು ಎರಡು ಬಾರಿ ಆರಿಸುವಂತಿಲ್ಲ.

ಒಂಬತ್ತೂ ಮುಕ್ಕಾಲು.
ಬಾಣಲೆಯವಳು ಬಂದು ಚೌಕಾಸಿಗೆ ನಿಂತಿದ್ದಾಳೆ.
ಖಾಲಿ ಮನೆಯೊಳಗೆ ಕರ್ಸರು ಬಡಿಯುತ್ತಿದೆ,
ಎಣಿಕೆಗೆ ಸಿಗದಷ್ಟು ಸಲ.